ಒಂದೇ ತಂತಿ, ಮೂರು ದನಿ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ ಒಂದು ಕಾಲಕ್ಕೆ ಎಸ್.ಟಿ.ಡಿ. ಬೂತ್ ನಡೆಸುತ್ತಿದ್ದ ಹಿರಿಯರೊಬ್ಬರ ಮನೆಯ ಅಟ್ಟದ ಮೇಲೆ ಎರಡು ವಸ್ತುಗಳು ಇನ್ನೂ ಉಳಿದಿವೆ. ಒಂದು, ಸಣ್ಣ ರೇಡಿಯೊದಷ್ಟು ದೊಡ್ಡದಾದ ಕಪ್ಪು ಡಬ್ಬಿ. ಮುಂದೆ ಸಾಲಾಗಿ ಕೆಂಪು ದೀಪಗಳು, ಹಿಂದೆ ದೂರವಾಣಿ ತಂತಿ ಸಿಕ್ಕಿಸುವ ಕಿಂಡಿ, ಬಿಚ್ಚಿದರೆ ಒಳಗೆ ಒತ್ತೊತ್ತಾಗಿ ಕೂತ ಚಿಪ್‌ಗಳು. ಇನ್ನೊಂದು, ಹಳೆಯ ಕಂಪ್ಯೂಟರಿನ ಹೊಟ್ಟೆಯಿಂದ ಕಿತ್ತ ಅಂಗೈ ಅಗಲದ ಹಸಿರು ಹಲಗೆ. ಅದರ ಮೇಲೆ ಒಂದೆರಡು ಚಿಪ್, ನಾಲ್ಕಾರು ಬಿಡಿ ಭಾಗಗಳು, ಅಷ್ಟೆ. ಉಳಿದ ಜಾಗವೆಲ್ಲ ಖಾಲಿ.

ಎರಡೂ ಮೋಡೆಮ್‌ಗಳೇ. ಎರಡೂ ದೂರವಾಣಿ ತಂತಿಯ ಮೂಲಕ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಸೇರಿಸುತ್ತಿದ್ದವು, ಫ್ಯಾಕ್ಸ್ ಕಳಿಸುತ್ತಿದ್ದವು. ಹಲಗೆಯ ಮೋಡೆಮ್ ಅಂತೂ ಮನೆಯಲ್ಲಿ ಯಾರೂ ಇಲ್ಲದಾಗ ಕರೆ ಮಾಡಿದವರ ಮಾತನ್ನೂ ಹಿಡಿದಿಡುತ್ತಿತ್ತು. ಡಬ್ಬಿಗೆ ಕೊಟ್ಟ ಹಣ ಹಲಗೆಗೆ ಕೊಟ್ಟದ್ದರ ಹಲವು ಪಟ್ಟು. 'ಇದರ ಒಳಗೆ ಏನೂ ಇಲ್ವಲ್ಲಪ್ಪಾ, ಮತ್ತೆ ಇಷ್ಟೆಲ್ಲಾ ಕೆಲಸ ಯಾರು ಮಾಡ್ತಿದ್ರು?' ಎಂದು ಅವರು ಕೇಳಿದರು.

ಪ್ರಶ್ನೆ ಸರಳವಾಗಿದೆ. ಉತ್ತರ ಮಾತ್ರ ತುಸು ಸುತ್ತಿನದು. ಸಂಕ್ಷೇಪವಾಗಿ ಹೇಳುವುದಾದರೆ, ಆ ಕೆಲಸವನ್ನು ಮಾಡುತ್ತಿದ್ದುದು ಕಂಪ್ಯೂಟರಿನ ಮುಖ್ಯ ಮಿದುಳೇ. ಹಲಗೆ ಬರೀ ಕಿವಿ ಮತ್ತು ಬಾಯಿ. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ, ಆಡಬೇಕಾದ್ದನ್ನು ಕಟ್ಟುವ ವಿದ್ಯೆಯೆಲ್ಲ ತಂತ್ರಾಂಶದ ರೂಪದಲ್ಲಿ ಕಂಪ್ಯೂಟರಿನ ಒಳಗೆ ಇತ್ತು. ಮೋಡೆಮ್ ಅಗ್ಗವಾದದ್ದು ಹೀಗೆ. ಮುಂದೊಂದು ದಿನ ಅದೇ ಮೋಡೆಮ್ ಮೂಕವಾದದ್ದಕ್ಕೂ ಇದೇ ಕಾರಣ.

ಮಾತಿಗೆಂದೇ ಹಾಕಿದ ದಾರಿ

ದೂರವಾಣಿ ತಂತಿಯನ್ನು ಎಳೆದದ್ದು ಮನುಷ್ಯರ ಮಾತಿಗಾಗಿ. ಮಾತು ಅರ್ಥವಾಗಲು ಕಿವಿ ಕೇಳಬಲ್ಲ ಎಲ್ಲ ಧ್ವನಿಯೂ ಬೇಕಿಲ್ಲ. ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ಕಂಪನಗಳು ದಾಟಿದರೆ ಸಾಕು ಎಂದು ಎಂಜಿನಿಯರರು ಲೆಕ್ಕ ಹಾಕಿದರು. ಕೊಳಲಿನ ಸಣ್ಣ ಎಳೆಯಾಗಲಿ ತಮಟೆಯ ಗುಡುಗಾಗಲಿ ಈ ದಾರಿಯಲ್ಲಿ ಪೂರ್ತಿ ಬರುವುದಿಲ್ಲ. 'ಅಮ್ಮ ಹೇಗಿದ್ದಾಳೆ?' ಎಂಬುದು ಸ್ಪಷ್ಟವಾಗಿ ಬರುತ್ತದೆ.

ಕಂಪ್ಯೂಟರಿನ ಭಾಷೆ ಸೊನ್ನೆ ಮತ್ತು ಒಂದು. ಅದನ್ನು ವಿದ್ಯುತ್ತಿನ ಏರಿಳಿತವಾಗಿ ನೇರ ಈ ತಂತಿಗೆ ಬಿಟ್ಟರೆ ಬಹುದೂರ ಹೋಗದು. ಆದ್ದರಿಂದ ಅದಕ್ಕೆ ಮಾತಿನ ವೇಷ ಹಾಕಬೇಕು. ವೇಷ ಹಾಕುವುದು ಮಾಡ್ಯುಲೇಶನ್, ಕಳಚುವುದು ಡಿಮಾಡ್ಯುಲೇಶನ್. ಇವೆರಡರ ಮೊದಲ ಅಕ್ಷರಗಳನ್ನು ಕೂಡಿಸಿದ್ದೇ ಮೋಡೆಮ್. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ 1962ರಲ್ಲಿ ತಂದ 'ಬೆಲ್ 103' ಮೋಡೆಮ್ ಸೊನ್ನೆಗೊಂದು ಸ್ವರ, ಒಂದಕ್ಕೊಂದು ಸ್ವರ ಇಟ್ಟುಕೊಂಡು ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು. ಕರೆ ಮಾಡಿದವನ ಎರಡು ಸ್ವರಗಳೇ ಬೇರೆ, ಉತ್ತರಿಸಿದವನ ಎರಡು ಸ್ವರಗಳೇ ಬೇರೆ. ಹಾಗಾಗಿ ಇಬ್ಬರೂ ಏಕಕಾಲಕ್ಕೆ ಮಾತನಾಡಬಹುದಿತ್ತು.

ಎರಡೇ ಸ್ವರಗಳ ಹಾಡಿನಿಂದ ವೇಗ ಹೆಚ್ಚುವುದಿಲ್ಲ. ಮುಂದೆ ಬಂದ ಮೋಡೆಮ್‌ಗಳು ಒಂದು ಸ್ವರದ ಜೋರನ್ನೂ ಅದರ ಅಲೆ ಶುರುವಾಗುವ ಹಂತವನ್ನೂ ಬದಲಿಸುತ್ತ, ಒಂದೊಂದು ಸಂಕೇತದಲ್ಲಿ ಹಲವು ಬಿಟ್‌ಗಳನ್ನು ತುಂಬುವುದನ್ನು ಕಲಿತವು. 1991ರ 'ವಿ.32 ಬಿಸ್' ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಸೆಕೆಂಡಿಗೆ 2,400 ಸಂಕೇತಗಳು, ಪ್ರತಿಯೊಂದರಲ್ಲೂ 6 ಬಿಟ್. ಗುಣಿಸಿದರೆ 14,400 ಬಿಟ್. 1994ರ 'ವಿ.34' 28,800 ಮುಟ್ಟಿತು, 1996ರಲ್ಲಿ ಅದೇ 33,600 ಆಯಿತು. 1998ರ 'ವಿ.90' ಇಳಿವ ದಿಕ್ಕಿನಲ್ಲಿ 56,000ದ ಗುರಿ ಇಟ್ಟಿತು.

ಈ ಕೊನೆಯ ನೆಗೆತ ಸಾಧ್ಯವಾದದ್ದು ಎಕ್ಸ್‌ಚೇಂಜ್‌ಗಳು ಡಿಜಿಟಲ್ ಆದದ್ದರಿಂದ. ಇದರಲ್ಲಿ ಕರ್ನಾಟಕಕ್ಕೊಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ರಾಣಿ ಚನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದೆ, ಧೂಳು ಬಿಸಿಲಿಗೆ ಹೆದರದೆ ನಡೆಯಬೇಕೆಂದೇ ಅದನ್ನು ಮಾಡಿದ್ದರು. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ಮಾತನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದಿಡುತ್ತದೆ. ಸೆಕೆಂಡಿಗೆ ಒಟ್ಟು 64,000 ಬಿಟ್. ಮಾತಿಗೆ ಮೀಸಲಾದ ಈ ಜಾಗದೊಳಗೇ ಮೋಡೆಮ್ ಹಿಡಿಯಬೇಕು. 56,000ಕ್ಕೆ ಬಂದು ವೇಗ ನಿಂತುಬಿಟ್ಟದ್ದು ಇದಕ್ಕೇ.

ಡಬ್ಬಿಯೊಳಗಿನ ಮೂವರು ಕೆಲಸಗಾರರು

ಅಟ್ಟದ ಮೇಲಿನ ಕಪ್ಪು ಡಬ್ಬಿಯಲ್ಲಿ ಕೆಲಸ ಮೂರು ಪಾಲಾಗಿ ಹಂಚಿಹೋಗಿತ್ತು ಎನ್ನಬಹುದು.

ಮೊದಲನೆಯವನು ಬಾಗಿಲು ಕಾಯುವವನು. ದೂರವಾಣಿ ತಂತಿಯಲ್ಲಿ ಸದಾ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಮಿಂಚು ಬಡಿದರೆ ಹೇಳುವುದೇ ಬೇಡ. ತಂತಿಯನ್ನು ಕಂಪ್ಯೂಟರಿನಿಂದ ಸುರಕ್ಷಿತವಾಗಿ ಬೇರೆ ಇಡುವುದು, ಗಂಟೆಯನ್ನು ಗುರುತಿಸುವುದು, ರಿಸೀವರ್ ಎತ್ತಿದಂತೆ, ಇಟ್ಟಂತೆ ಮಾಡುವುದು ಇವನ ಕೆಲಸ. ಜತೆಗೇ ತಂತಿಯ ಅಲೆಯನ್ನು ಅಂಕಿಗಳಾಗಿ, ಅಂಕಿಗಳನ್ನು ಅಲೆಯಾಗಿ ಬದಲಿಸುವ 'ಕೋಡೆಕ್' ಎಂಬ ಚಿಪ್ ಇರುತ್ತದೆ.

ಎರಡನೆಯವನು ಲೆಕ್ಕಿಗ. ಡಿ.ಎಸ್.ಪಿ. ಎಂದು ಕರೆಯುವ, ಗುಣಾಕಾರ ಸಂಕಲನಗಳನ್ನು ಅತಿವೇಗವಾಗಿ ಮಾಡುವ ಚಿಪ್ ಇದು. ತಂತಿಯ ಗದ್ದಲದ ನಡುವೆ ಸ್ವರವನ್ನು ಹೆಕ್ಕುವುದು, ತನ್ನದೇ ದನಿಯ ಮಾರ್ದನಿಯನ್ನು ಕಳೆಯುವುದು ಇದರ ಹೊಣೆ.

ಮೂರನೆಯವನು ಗುಮಾಸ್ತ. ಕಂಪ್ಯೂಟರ್ ಕೊಟ್ಟ ಅಪ್ಪಣೆಯನ್ನು ಓದಿ ನಡೆಸುವವನು. ಈ ಅಪ್ಪಣೆಗಳ ಭಾಷೆ ರೂಢಿಗೆ ಬಂದದ್ದು 1981ರಲ್ಲಿ ಹೇಯ್ಸ್ ಕಂಪನಿ ತಂದ 'ಸ್ಮಾರ್ಟ್‌ಮೋಡೆಮ್'ನಿಂದ. ಪ್ರತಿ ಅಪ್ಪಣೆಯೂ 'ಎ.ಟಿ.' ಎಂಬ ಎರಡು ಅಕ್ಷರಗಳಿಂದ ಆರಂಭ. 'ಇತ್ತ ಗಮನ ಕೊಡು' ಎಂಬರ್ಥದ ಇಂಗ್ಲಿಷ್ ಪದದ ಮೊದಲೆರಡು ಅಕ್ಷರಗಳವು. ಬಂದ ಮಾಹಿತಿಯಲ್ಲಿ ತಪ್ಪಿದ್ದರೆ ಮತ್ತೆ ಕೇಳಿ ತರಿಸುವುದು, ಕಳಿಸುವುದನ್ನು ಅಡಕ ಮಾಡುವುದು ಕೂಡ ಗುಮಾಸ್ತನದೇ ಜವಾಬ್ದಾರಿ.

1990ರ ದಶಕದ ನಡುವಿನ ಹೊತ್ತಿಗೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಬಹಳ ಚುರುಕಾಯಿತು. ಇಂಟೆಲ್ ಕಂಪನಿ 1997ರ ಜನವರಿಯಲ್ಲಿ ತಂದ 'ಎಂ.ಎಂ.ಎಕ್ಸ್.' ಪೆಂಟಿಯಂನಲ್ಲಿ, ಒಂದೇ ಬಗೆಯ ಲೆಕ್ಕವನ್ನು ಹಲವು ಅಂಕಿಗಳ ಮೇಲೆ ಒಟ್ಟಿಗೆ ಮಾಡುವ ಸೌಲಭ್ಯ ಬಂತು. ಲೆಕ್ಕಿಗನೂ ಗುಮಾಸ್ತನೂ ಮನೆಯ ಯಜಮಾನನೇ ಆಗಬಹುದಾದರೆ ಇಬ್ಬರಿಗೆ ಪ್ರತ್ಯೇಕ ಸಂಬಳ ಏಕೆ ಎಂದು ತಯಾರಕರು ಯೋಚಿಸಿದರು. ಮೊದಲು ಗುಮಾಸ್ತನನ್ನು ತೆಗೆದರು. ಯು.ಎಸ್. ರೊಬೊಟಿಕ್ಸ್ ಕಂಪನಿಯ 'ವಿನ್‌ಮೋಡೆಮ್' ಆ ಮಾದರಿಯದು. ಲೆಕ್ಕಿಗ ಚಿಪ್ ಅದರಲ್ಲಿ ಇನ್ನೂ ಇತ್ತು. ಮುಂದೆ ಪಿ.ಸಿ.ಟೆಲ್ ಮೊದಲಾದ ಕಂಪನಿಗಳು ಲೆಕ್ಕಿಗನನ್ನೂ ತೆಗೆದವು. ಉಳಿದವನು ಬಾಗಿಲು ಕಾಯುವವನೊಬ್ಬನೇ. ವಿನ್‌ಮೋಡೆಮ್ ಎಂಬ ವ್ಯಾಪಾರನಾಮ ಜನರ ಬಾಯಲ್ಲಿ ಈ ಇಡೀ ಜಾತಿಗೇ ಹೆಸರಾಗಿ ನಿಂತಿತು.

ಅಟ್ಟದ ಮೇಲಿನ ಹಸಿರು ಹಲಗೆ ಖಾಲಿ ಕಂಡದ್ದು ಇದಕ್ಕೆ. ಅದು ತಂತಿಯ ಅಲೆಯನ್ನು ಸೆಕೆಂಡಿಗೆ 8,000 ಬಾರಿಯೋ ಅದಕ್ಕಿಂತ ತುಸು ಹೆಚ್ಚೋ ಅಳೆದು, ಆ ಅಂಕಿಗಳ ಸರವನ್ನು ಕಂಪ್ಯೂಟರಿನ ನೆನಪಿನಲ್ಲಿ ಸುರಿಯುತ್ತಿತ್ತು. ಕಂಪ್ಯೂಟರ್ ಕಟ್ಟಿಕೊಟ್ಟ ಅಂಕಿಗಳನ್ನು ಅಲೆಯಾಗಿ ತಂತಿಗೆ ಬಿಡುತ್ತಿತ್ತು. ಅಂಕಿಗಳ ಅರ್ಥ ಅದಕ್ಕೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸಗಾರರು ಅದೇ ಹಾಲೆಮರದ ತುಂಡನ್ನು ಅದೇ ಲೇತಿಗೆ ಕೊಟ್ಟು, ಉಳಿ ಹಿಡಿಯುವ ರೀತಿ ಬದಲಿಸಿ ಒಮ್ಮೆ ಬುಗುರಿ, ಒಮ್ಮೆ ಗಿಲಕಿ ತೆಗೆಯುತ್ತಾರೆ. ಹಾಗೆಯೇ ಅದೇ ಅಂಕಿಗಳ ಸರವನ್ನು ಒಂದು ತಂತ್ರಾಂಶದ ಕೈಗೆ ಕೊಟ್ಟರೆ ದತ್ತಾಂಶ, ಇನ್ನೊಂದಕ್ಕೆ ಕೊಟ್ಟರೆ ಫ್ಯಾಕ್ಸ್, ಮತ್ತೊಂದಕ್ಕೆ ಕೊಟ್ಟರೆ ಮಾತು.

ದತ್ತಾಂಶದ ಕರೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಆರಂಭಿಸಿತು. ಆಗ ದೊರೆಯುತ್ತಿದ್ದ ವೇಗ ಸೆಕೆಂಡಿಗೆ 9,600 ಬಿಟ್. 1998ರಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು, 2000ದ ಅಕ್ಟೋಬರಿನಲ್ಲಿ ಬಿ.ಎಸ್.ಎನ್.ಎಲ್. ಹುಟ್ಟಿತು. ಆ ದಿನಗಳಲ್ಲಿ 172ರಿಂದ ಆರಂಭವಾಗುವ ಸಂಖ್ಯೆಗೆ ಕರೆ ಮಾಡಿ ಕಾಯುತ್ತಿದ್ದವರಿಗೆ ಆ ಕೀಚಲು ದನಿ ನೆನಪಿರುತ್ತದೆ. ಕೇಳುವವರಿಗೆ ಅದು ಕರ್ಕಶ ಗದ್ದಲ. ಅಸಲಿಗೆ ಅದೊಂದು ಕ್ರಮಬದ್ಧ ಸಂಭಾಷಣೆ.

ಅತ್ತ ಕಡೆಯ ಮೋಡೆಮ್ ಮೊದಲು 2,100 ಹರ್ಟ್ಸ್‌ನ ಸ್ವರ ಹೊರಡಿಸುತ್ತದೆ. 'ನಾನು ಮನುಷ್ಯನಲ್ಲ, ಯಂತ್ರ' ಎಂದು ಅದರ ಅರ್ಥ. ಮನುಷ್ಯರ ಸಂಭಾಷಣೆಗೆಂದು ದಾರಿಯಲ್ಲಿಟ್ಟ ಮಾರ್ದನಿ ತಡೆಯುವ ಸಾಧನಗಳು ಈ ಸ್ವರ ಕೇಳಿ ಪಕ್ಕಕ್ಕೆ ಸರಿಯುತ್ತವೆ. ಆಮೇಲೆ ಇಬ್ಬರೂ ತಮಗೆ ಗೊತ್ತಿರುವ ಮಾನಕಗಳ ಪಟ್ಟಿ ಹೇಳಿಕೊಳ್ಳುತ್ತಾರೆ. ಇಬ್ಬರಿಗೂ ಬರುವ ಅತಿವೇಗದ ಮಾನಕವನ್ನು ಆರಿಸಿಕೊಳ್ಳುತ್ತಾರೆ. ನಂತರ ಬೇರೆಬೇರೆ ಸ್ವರಗಳನ್ನು ಕಳಿಸಿ ತಂತಿಯನ್ನು ಪರೀಕ್ಷಿಸುತ್ತಾರೆ. ಯಾವ ಸ್ವರ ಕುಗ್ಗುತ್ತದೆ, ಯಾವುದು ತಡವಾಗುತ್ತದೆ, ಗದ್ದಲ ಎಷ್ಟು ಎಂದು ಅಳೆದು, ಆ ದೋಷಗಳನ್ನು ತಿದ್ದುವ ಲೆಕ್ಕವನ್ನು ಸಿದ್ಧಮಾಡಿಕೊಳ್ಳುತ್ತಾರೆ. ಎಕ್ಸ್‌ಚೇಂಜಿನಿಂದ ಕಿಲೋಮೀಟರುಗಟ್ಟಲೆ ದೂರದ ಹಳ್ಳಿಗೆ ಎಳೆದ ತಾಮ್ರದ ತಂತಿಯಲ್ಲಿ ಈ ತಿದ್ದುಪಡಿಯೇ ದೊಡ್ಡ ಕೆಲಸ. ದೂರ ಹೆಚ್ಚಿದಂತೆ ಎತ್ತರದ ಸ್ವರಗಳು ಸೊರಗುತ್ತವೆ, ಅವುಗಳ ಜತೆಗೆ ವೇಗವೂ ಇಳಿಯುತ್ತದೆ.

ಇನ್ನೊಂದು ತೊಡಕು ಮಾರ್ದನಿಯದು. ಎರಡೇ ಎಳೆಯ ತಂತಿಯಲ್ಲಿ ಇಬ್ಬರೂ ಒಟ್ಟಿಗೆ ಹಾಡುತ್ತಿರುವುದರಿಂದ, ದೂರದವನ ಕ್ಷೀಣ ದನಿಯ ಮೇಲೆ ತನ್ನದೇ ದೊಡ್ಡ ದನಿ ಬಿದ್ದಿರುತ್ತದೆ. ತಾನು ಹಾಡಿದ್ದು ತನಗೆ ಗೊತ್ತಿರುವುದರಿಂದ, ಅದು ಎಷ್ಟು ಮರಳಿ ಬರಬಹುದೆಂದು ಅಂದಾಜಿಸಿ ಕಳೆದುಬಿಟ್ಟರೆ ಎದುರಿನವನ ದನಿ ಉಳಿಯುತ್ತದೆ. ಈ ಕಳೆಯುವ ಲೆಕ್ಕವನ್ನು ಪ್ರತಿ ಸೆಕೆಂಡಿಗೆ ಸಾವಿರಾರು ಬಾರಿ, ಪ್ರತಿ ಸಲವೂ ಹತ್ತಾರು ಗುಣಾಕಾರಗಳೊಡನೆ ಮಾಡಬೇಕು. ಕಪ್ಪು ಡಬ್ಬಿಯಲ್ಲಿ ಇದಕ್ಕೆಂದೇ ಒಂದು ಚಿಪ್ ಇತ್ತು. ಹಸಿರು ಹಲಗೆಯ ಕಂಪ್ಯೂಟರಿನಲ್ಲಿ, ಪತ್ರ ಟೈಪ್ ಮಾಡಿಸಿಕೊಳ್ಳುತ್ತಿದ್ದ ಪ್ರೊಸೆಸರೇ ಆ ಅಕ್ಷರ ಈ ಅಕ್ಷರದ ನಡುವಿನ ಬಿಡುವಿನಲ್ಲಿ ಇದನ್ನೆಲ್ಲ ಮಾಡಿ ಮುಗಿಸುತ್ತಿತ್ತು.

ಫ್ಯಾಕ್ಸಿನ ಕರೆ

ಫ್ಯಾಕ್ಸಿನ ರೀತಿ ಬೇರೆ. ದತ್ತಾಂಶದ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ, ಫ್ಯಾಕ್ಸಿನಲ್ಲಿ ಒಬ್ಬರು ಆಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಆಡುತ್ತಾರೆ. ಕಳಿಸುವವನು ಮೂರು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡು 1,100 ಹರ್ಟ್ಸ್‌ನ ಪೀಪಿ ಊದುತ್ತಾನೆ. ಅತ್ತಲಿನವನು 2,100ರ ಸ್ವರದಿಂದ ಓಗೊಡುತ್ತಾನೆ. ಆಮೇಲೆ ನಿಧಾನಗತಿಯ 300 ಬಿಟ್ ವೇಗದಲ್ಲಿ ಮಾತುಕತೆ: ನಿನ್ನ ಕಾಗದ ಎಷ್ಟು ಅಗಲ, ಎಷ್ಟು ವೇಗ ತಡೆದುಕೊಳ್ಳುತ್ತೀಯೆ, ಅಕ್ಷರ ಎಷ್ಟು ಸ್ಪಷ್ಟ ಬೇಕು ಎಂದು. ಒಪ್ಪಂದವಾದ ಮೇಲೆ ಚಿತ್ರ ಮಾತ್ರ 9,600 ಅಥವಾ 14,400ರ ವೇಗದಲ್ಲಿ ಹೋಗುತ್ತದೆ. ಪುಟ ಮುಗಿದೊಡನೆ ಮತ್ತೆ 300ಕ್ಕೆ ಇಳಿದು, 'ಸರಿಯಾಗಿ ಬಂತೇ?' ಎಂಬ ವಿಚಾರಣೆ.

1980ರಲ್ಲಿ ಮಾನಕವಾದ 'ಗ್ರೂಪ್ 3' ಫ್ಯಾಕ್ಸ್ ಎ-4 ಹಾಳೆಯ ಒಂದು ಸಾಲನ್ನು 1,728 ಚುಕ್ಕೆಗಳಾಗಿ ನೋಡುತ್ತದೆ. ಸಾಧಾರಣ ಸ್ಪಷ್ಟತೆಯಲ್ಲಿ ಒಂದು ಮಿಲಿಮೀಟರಿಗೆ 3.85 ಸಾಲು. ಇಡೀ ಹಾಳೆಗೆ ಸುಮಾರು 20 ಲಕ್ಷ ಚುಕ್ಕೆಗಳಾದವು. ಇದ್ದ ಹಾಗೆಯೇ 9,600ರ ವೇಗದಲ್ಲಿ ಕಳಿಸಿದರೆ ಒಂದು ಪುಟಕ್ಕೆ ಮೂರೂವರೆ ನಿಮಿಷ ಬೇಕು. ಆದರೆ ಪತ್ರದ ಬಹುಭಾಗ ಬಿಳಿ. 'ಇನ್ನು ಇಷ್ಟು ಚುಕ್ಕೆ ಬಿಳಿ, ಆಮೇಲೆ ಇಷ್ಟು ಕಪ್ಪು' ಎಂದು ಚಿಕ್ಕ ಸಂಕೇತಗಳಲ್ಲಿ ಹೇಳಿ ಆ ಹೊರೆಯನ್ನು ಹಲವು ಪಟ್ಟು ಇಳಿಸುತ್ತಾರೆ.

ಹೀಗೆ ಎಣಿಸುವ, ಸರದಿ ಕಾಯುವ ಕೆಲಸವೆಲ್ಲ ಅಗ್ಗದ ಮೋಡೆಮ್‌ನಲ್ಲಿ ಕಂಪ್ಯೂಟರಿನ ತಂತ್ರಾಂಶಕ್ಕೆ ಬಿತ್ತು. ಫ್ಯಾಕ್ಸಿನ ಶಿಷ್ಟಾಚಾರದಲ್ಲಿ ಹೊತ್ತು ಬಹಳ ಮುಖ್ಯ. 'ಸರಿಯಾಗಿ ಬಂತೇ?' ಎಂಬುದಕ್ಕೆ ನಿಗದಿತ ಸೆಕೆಂಡುಗಳೊಳಗೆ ಉತ್ತರ ಹೋಗದಿದ್ದರೆ ಎದುರಿನ ಯಂತ್ರ ಮತ್ತೆ ಕೇಳುತ್ತದೆ, ಕೆಲವು ಸಲ ಕೇಳಿ ಬೇಸತ್ತು ಕರೆ ಮುಗಿಸುತ್ತದೆ. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಅರ್ಧ ಪುಟದ ಫ್ಯಾಕ್ಸ್ ಬರುತ್ತಿದ್ದುದು ಈ ಕಾರಣದಿಂದಲೇ.

ಮಾತಿನ ಕರೆ

ಮೂರನೆಯದು ಮಾತು. ವಿಚಿತ್ರವೆಂದರೆ ಮಾತಿಗೆಂದೇ ಮಾಡಿದ ತಂತಿಯಲ್ಲಿ ಮೋಡೆಮ್‌ಗೆ ಅತಿ ಸುಲಭದ ಕೆಲಸ ಇದೇ. ವೇಷ ಹಾಕುವ ಅಗತ್ಯವಿಲ್ಲ, ಬಂದ ಅಂಕಿಗಳನ್ನು ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟರಾಯಿತು. ಸೆಕೆಂಡಿಗೆ 8,000 ಅಳತೆ, ಪ್ರತಿಯೊಂದಕ್ಕೂ ಒಂದು ಬೈಟ್ ಎಂದರೆ ನಿಮಿಷಕ್ಕೆ 4 ಲಕ್ಷ 80 ಸಾವಿರ ಬೈಟ್. ಹಿಂದಿನ ಅಳತೆಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟರೆ ಅದರಲ್ಲಿ ಅರ್ಧ ಸಾಕು. 'ಮನೆಯಲ್ಲಿ ಯಾರೂ ಇಲ್ಲ, ಸಂದೇಶ ಹೇಳಿ' ಎಂಬ ದನಿಯನ್ನು ಮೊದಲೇ ಹಿಡಿದಿಟ್ಟು ಕೇಳಿಸುವುದೂ ಇದೇ ದಾರಿಯಲ್ಲಿ.

ಕರೆ ಮಾಡಿದವರು ಫೋನಿನ ಗುಂಡಿ ಒತ್ತಿದರೆ ಅದನ್ನು ಗುರುತಿಸುವುದು ಕೂಡ ಲೆಕ್ಕದ ಕೆಲಸ. ಪ್ರತಿ ಗುಂಡಿಗೂ ಎರಡು ಸ್ವರಗಳ ಜೋಡಿ ಇದೆ. 5 ಒತ್ತಿದರೆ 770 ಮತ್ತು 1,336 ಹರ್ಟ್ಸ್ ಒಟ್ಟಿಗೆ ನುಡಿಯುತ್ತವೆ. ಅಂಕಿಗಳ ಸರದಲ್ಲಿ ಆ ಎರಡು ಸ್ವರಗಳು ಮಾತ್ರ ಎದ್ದು ಕಂಡರೆ ಅದು 5. ಯಾರೋ ಕೆಮ್ಮಿದ್ದನ್ನು ಗುಂಡಿಯೆಂದು ತಿಳಿಯದ ಹಾಗೆ ಎಚ್ಚರ ವಹಿಸಬೇಕು. ಬ್ಯಾಂಕು, ರೈಲ್ವೆ ವಿಚಾರಣೆಗಳಲ್ಲಿ 'ಕನ್ನಡಕ್ಕಾಗಿ ಇಂಥ ಸಂಖ್ಯೆ ಒತ್ತಿ' ಎನ್ನುವ ಏರ್ಪಾಡಿನ ಬುಡವೂ ಇದೇ.

ಹಾಗಾದರೆ ಗಂಟೆ ಬಾರಿಸಿದಾಗ ಬಂದದ್ದು ಮೂರರಲ್ಲಿ ಯಾವುದೆಂದು ತಿಳಿಯುವುದು ಹೇಗೆ? ಎತ್ತುವ ತನಕ ತಿಳಿಯದು. ಎತ್ತಿ ಕಿವಿಗೊಡಬೇಕು. 1,100ರ ಪೀಪಿ ಕೇಳಿದರೆ ಫ್ಯಾಕ್ಸ್ ತಂತ್ರಾಂಶವನ್ನು ಎಬ್ಬಿಸಬೇಕು. 2,100ರ ಸ್ವರ ಹೊರಡಿಸಿದ್ದಕ್ಕೆ ಮೋಡೆಮ್ ಭಾಷೆಯಲ್ಲಿ ಮರುದನಿ ಬಂದರೆ ದತ್ತಾಂಶ. ಎರಡೂ ಅಲ್ಲದೆ ಯಾರೋ 'ಹಲೋ, ಹಲೋ' ಎನ್ನುತ್ತಿದ್ದರೆ ಮಾತು. ಹಳ್ಳಿಯ ಬೂತ್‌ಗಳಲ್ಲಿ ಈ ತೀರ್ಮಾನವನ್ನು ಬಹುಪಾಲು ಮಾಲೀಕರೇ ಮಾಡುತ್ತಿದ್ದರು. ರಿಸೀವರ್ ಎತ್ತಿ, ಕೀಚಲು ಕೇಳಿದರೆ ಫ್ಯಾಕ್ಸ್ ಗುಂಡಿ ಒತ್ತಿ ಇಡುತ್ತಿದ್ದರು.

ತಪ್ಪು ಯಾರದು?

ಬೈರಾಪಟ್ಟಣದ ಆ ಹಿರಿಯರಿಗೆ ಹಸಿರು ಹಲಗೆ ಬಂದ ಮೇಲೆ ಒಂದು ಹೊಸ ತಲೆನೋವು ಶುರುವಾಯಿತಂತೆ. ಇಂಟರ್‌ನೆಟ್ ಸಂಪರ್ಕ ಚೆನ್ನಾಗಿಯೇ ಇರುತ್ತಿತ್ತು. ದೊಡ್ಡದೊಂದು ಚಿತ್ರ ತೆರೆದರೆ, ಪ್ರಿಂಟ್ ಕೊಟ್ಟರೆ, ಸಂಪರ್ಕ ಕಡಿದುಹೋಗುತ್ತಿತ್ತು. ಮತ್ತೆ ಕರೆ, ಮತ್ತೆ ದುಡ್ಡು. 'ಲೈನ್ ಸರಿಯಿಲ್ಲ ಅಂತ ಲೈನ್‌ಮನ್ ಜೊತೆ ಎಷ್ಟು ಸಲ ಜಗಳ ಆಡಿದೀನೋ. ಪಾಪ, ಅವರು ಕಂಬ ಹತ್ತಿ, ಜಾಯಿಂಟ್ ಬಿಚ್ಚಿ ಕಟ್ಟಿ, ಎಲ್ಲಾ ಸರಿಯಿದೆ ಅಂತ ಹೇಳಿ ಹೋಗೋರು' ಎಂದು ಈಗ ಅವರು ನಗುತ್ತಾರೆ.

ಲೈನ್‌ಮನ್ ಹೇಳಿದ್ದು ನಿಜವೇ ಇದ್ದೀತು. ತಂತಿಯಿಂದ ಬರುವ ಅಂಕಿಗಳು ಯಾರಿಗೂ ಕಾಯುವುದಿಲ್ಲ. ಹಲಗೆಯ ಪುಟ್ಟ ಉಗ್ರಾಣದಲ್ಲಿ ಅವು ಕೆಲವೇ ಸಾವಿರಾಂಶ ಸೆಕೆಂಡು ನಿಲ್ಲಬಲ್ಲವು. ಅಷ್ಟರೊಳಗೆ ಮುಖ್ಯ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅವನ್ನು ಎತ್ತಿಕೊಂಡು, ಲೆಕ್ಕ ಮುಗಿಸಿ, ತಂತಿಗೆ ಬಿಡಬೇಕಾದ ಮುಂದಿನ ಕಂತನ್ನು ಇಟ್ಟು ಹೋಗಬೇಕು. ಡಿಸ್ಕು, ಪ್ರಿಂಟರು, ಪರದೆ ಎಲ್ಲವೂ ಒಮ್ಮೆಗೆ ಅದನ್ನು ಕರೆದರೆ ಈ ಸರದಿ ತಪ್ಪುತ್ತದೆ. ಕೆಲವು ಅಂಕಿಗಳು ಕಳೆದುಹೋಗುತ್ತವೆ. ಎದುರಿನ ಮೋಡೆಮ್‌ಗೆ ಅದು ತಂತಿ ಕೆಟ್ಟಂತೆಯೇ ಕೇಳುತ್ತದೆ. ಅದು ಮತ್ತೆ ಮೊದಲಿನಿಂದ ತಂತಿ ಪರೀಕ್ಷೆಗೆ ಇಳಿಯುತ್ತದೆ, ಆಗದಿದ್ದರೆ ಕೈಬಿಡುತ್ತದೆ. ಕೆಲಸಗಾರನನ್ನು ತೆಗೆದು ಉಳಿಸಿದ ಹಣದ ಒಂದು ಪಾಲು ಹೀಗೆ ದೂರವಾಣಿ ಬಿಲ್ಲಿಗೆ ಸೇರಿತು. ಬೈಗುಳ ಮಾತ್ರ ಕಂಬ ಹತ್ತಿದವರ ಪಾಲಿಗೆ ಬಂತು.

ಹಾಗೆಂದು ಅಗ್ಗದ ಮೋಡೆಮ್ ಮೋಸದ ವಸ್ತು ಎನ್ನಲಾಗದು. ಅದು ಇಲ್ಲದಿದ್ದರೆ ಎಷ್ಟೋ ಮನೆಗಳಿಗೆ, ಸಣ್ಣ ಅಂಗಡಿಗಳಿಗೆ ಇಂಟರ್‌ನೆಟ್ ಇನ್ನೂ ತಡವಾಗಿ ಬರುತ್ತಿತ್ತು. ಪ್ರೊಸೆಸರ್‌ಗಳು ವರ್ಷ ವರ್ಷಕ್ಕೂ ಚುರುಕಾದಂತೆ ಸರದಿ ತಪ್ಪುವುದೂ ಕಡಿಮೆಯಾಯಿತು. ಹೊಸ ಮಾನಕ ಬಂದರೆ ಹಲಗೆ ಬದಲಿಸದೆ ತಂತ್ರಾಂಶ ಬದಲಿಸಿದರೆ ಸಾಕು ಎಂಬ ಅನುಕೂಲವೂ ಇತ್ತು.

ಬೆಂಗಳೂರಿನ ಸಿಂಪ್ಯೂಟರ್

ಈ ವಿದ್ಯೆಯನ್ನು ಹಳ್ಳಿಗಾಗಿ ಬಳಸುವ ಒಂದು ಗಂಭೀರ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆಯಿತು. ಚನ್ನಪಟ್ಟಣಕ್ಕೆ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರು ಅಷ್ಟು ಹೊತ್ತಿಗೆ ಈ ಕ್ಷೇತ್ರಕ್ಕೆ ಹೊಸದಾಗಿರಲಿಲ್ಲ. ದೂರವಾಣಿ ಉಪಕರಣ ತಯಾರಿಸುವ ಐ.ಟಿ.ಐ. ಕಾರ್ಖಾನೆ 1948ರಿಂದಲೇ ಅಲ್ಲಿತ್ತು. ಡಿ.ಎಸ್.ಪಿ. ಚಿಪ್‌ಗಳಿಗೆ ಹೆಸರಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ತನ್ನ ಕೇಂದ್ರ ತೆರೆದಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ ರೂಪಿಸಿದ 'ಸಿಂಪ್ಯೂಟರ್' 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನಗೊಂಡಿತು. ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರ್ ಅದು. ಬೆಲೆ ಸುಮಾರು 9,000 ರೂಪಾಯಿಯೊಳಗೆ ಇರಬೇಕೆಂಬುದು ಗುರಿ. ಓದು ಬಾರದವರಿಗೂ ಉಪಯೋಗವಾಗಲೆಂದು, ಬರಹವನ್ನು ಕನ್ನಡ ಮೊದಲಾದ ಭಾಷೆಗಳಲ್ಲಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದ್ದರು.

ಹಳ್ಳಿಯಲ್ಲಿ ಆಗ ಇದ್ದದ್ದು ದೂರವಾಣಿ ತಂತಿಯೊಂದೇ. ಆದ್ದರಿಂದ ಸಿಂಪ್ಯೂಟರಿಗೆ ಮೋಡೆಮ್ ಬೇಕೇ ಬೇಕಿತ್ತು. ಪ್ರತ್ಯೇಕ ಚಿಪ್‌ಗೆ ಹಣ ಕೊಡುವಂತಿರಲಿಲ್ಲ. ಪರಿಹಾರ ತಂತ್ರಾಂಶದ ಮೋಡೆಮ್ ಆಯಿತು: ವಿ.34 ಮಾನಕದ ದತ್ತಾಂಶ, ವಿ.17 ಮಾನಕದ ಫ್ಯಾಕ್ಸ್. ಒಳಗಿದ್ದ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನಲ್ಲಿ ದಶಾಂಶ ಲೆಕ್ಕ ಮಾಡುವ ಪ್ರತ್ಯೇಕ ಅಂಗವೇ ಇರಲಿಲ್ಲ. ಪೂರ್ಣಾಂಕಗಳಲ್ಲೇ ಎಲ್ಲವನ್ನೂ ಹೊಂದಿಸಿಕೊಳ್ಳಬೇಕಿತ್ತು.

ಭೂದಾಖಲೆಗಳ ಕೆಲಸದಲ್ಲಿ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಬಳಸಿತು. ಸಾರ್ವಜನಿಕ ವಲಯದ ಬಿ.ಇ.ಎಲ್. ಕಾರ್ಖಾನೆಯಲ್ಲಿ ತಯಾರಾದ 'ಅಮಿಡ' ಮಾದರಿ 2004ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಮಾರಾಟ ಕೆಲವು ಸಾವಿರದ ಆಚೆ ಹೆಚ್ಚು ಬೆಳೆಯಲಿಲ್ಲ. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ. ಅದೇ ವೇಳೆಗೆ ಮೊಬೈಲ್ ಫೋನು ಹಳ್ಳಿ ಹಳ್ಳಿಗೂ ನುಗ್ಗಿತು. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಪಟ್ಟಣಗಳಲ್ಲಿ ಡಯಲ್ ಮಾಡುವ ಅಗತ್ಯವೇ ಕುಂದಿತು.

ವಿದ್ಯೆ ಎಲ್ಲಿ ಉಳಿಯುತ್ತದೆ?

ಅಟ್ಟದ ಮೇಲಿನ ಎರಡು ವಸ್ತುಗಳಿಗೆ ಮರಳೋಣ. ಕಪ್ಪು ಡಬ್ಬಿಗೆ ವಿದ್ಯುತ್ ಕೊಟ್ಟರೆ ಇವತ್ತಿಗೂ ದೀಪ ಹೊತ್ತುತ್ತದೆ. ಯಾವ ಕಂಪ್ಯೂಟರಿನಿಂದಲಾದರೂ ಸೂಕ್ತ ಕೇಬಲ್ ಹಾಕಿ 'ಎ.ಟಿ.' ಎಂದು ಬರೆದರೆ 'ಓ.ಕೆ.' ಎನ್ನುತ್ತದೆ. ಅದರ ವಿದ್ಯೆ ಅದರ ಹೊಟ್ಟೆಯಲ್ಲೇ ಇದೆ. ಹಸಿರು ಹಲಗೆಯ ಸ್ಥಿತಿ ಹಾಗಲ್ಲ. ಅದರ ವಿದ್ಯೆಯೆಲ್ಲ ಒಂದು ಸಿ.ಡಿ.ಯಲ್ಲಿ ಬಂದಿತ್ತು. ಆ ತಂತ್ರಾಂಶ ಅಂದಿನ ವಿಂಡೋಸ್‌ಗೆ ಮಾತ್ರ ಬರೆದದ್ದು. ಅದರ ಒಳಗುಟ್ಟನ್ನು ಕಂಪನಿಗಳು ಬಿಟ್ಟುಕೊಡಲಿಲ್ಲ. ಹೊಸ ವಿಂಡೋಸ್ ಬಂದಾಗ ಹಳೆಯ ಹಲಗೆಗಳಿಗೆ ಹೊಸದಾಗಿ ಬರೆದುಕೊಡುವ ಆಸಕ್ತಿ ಬಹುಪಾಲು ಕಂಪನಿಗಳಿಗೆ ಇರಲಿಲ್ಲ. ಲಿನಕ್ಸ್ ಬಳಸುತ್ತಿದ್ದವರು ಸ್ವಯಂಪ್ರೇರಣೆಯಿಂದ ವರ್ಷಗಟ್ಟಲೆ ದುಡಿದು ಕೆಲವು ಹಲಗೆಗಳಿಗೆ ಮಾತು ಕೊಟ್ಟರು. ಉಳಿದವು, ಒಂದು ಭಾಗವೂ ಕೆಡದೆ, ಮೂಕವಾದವು. ಕೆಟ್ಟಿದ್ದರೆ ಪಟ್ಟಣದ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಬಹುದಿತ್ತು. ಇಲ್ಲಿ ಬೆಸುಗೆಗೆ ಏನೂ ಇರಲಿಲ್ಲ.

ಇಂದು ಇದೇ ವಿಧಾನ ಎಲ್ಲೆಡೆ ಗೆದ್ದಿದೆ. ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಬಹಳಷ್ಟು ಕೆಲಸ ತಂತ್ರಾಂಶದ್ದೇ. ಅಂದು ದತ್ತಾಂಶ ಮಾತಿನ ವೇಷ ಹಾಕಿ ತಂತಿ ದಾಟುತ್ತಿತ್ತು. ಇಂದಿನ 4ಜಿ ಕರೆಯಲ್ಲಿ ಮಾತೇ ದತ್ತಾಂಶದ ವೇಷ ಹಾಕಿ ಗಾಳಿಯಲ್ಲಿ ಹೋಗುತ್ತದೆ. ಕೆಲಸ ಅಗ್ಗವಾಗಿದೆ, ವೇಗವಾಗಿದೆ. ಕಂಪನಿ ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದ ದಿನ, ಪರದೆ ಬ್ಯಾಟರಿ ಎಲ್ಲ ಚೆನ್ನಾಗಿರುವ ಫೋನನ್ನೂ ನಾವು ಬದಿಗಿಡುತ್ತೇವೆ. ವಸ್ತು ನಮ್ಮದು, ಅದರ ವಿದ್ಯೆ ಮಾತ್ರ ಬೇರೆಯವರದು ಎಂಬ ಏರ್ಪಾಡು ಸಾಮಾನ್ಯರ ಮನೆಯೊಳಗೆ ಬಂದ ಮೊದಲ ದಾರಿಗಳಲ್ಲಿ ಆ ಖಾಲಿ ಹಲಗೆಯೂ ಒಂದು.

ಇಷ್ಟನ್ನೂ ಕೇಳಿಸಿಕೊಂಡ ಹಿರಿಯರು ಹಲಗೆಯನ್ನು ಒಮ್ಮೆ ಮಗುಚಿ ನೋಡಿದರು. 'ಹಂಗಾದ್ರೆ ಇದು ಕೆಟ್ಟಿಲ್ಲ ಅನ್ನು' ಎಂದರು. ಕೆಟ್ಟಿಲ್ಲ ಎಂದದ್ದಕ್ಕೆ, ಅದನ್ನು ಗುಜರಿಯ ಚೀಲದಿಂದ ತೆಗೆದು ಮತ್ತೆ ಕಪ್ಪು ಡಬ್ಬಿಯ ಪಕ್ಕಕ್ಕೆ ಇಟ್ಟರು. 'ಆ ಲೈನ್‌ಮನ್ ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು. ಅವರದೇನೂ ತಪ್ಪಿರ್ಲಿಲ್ಲ ಅಂತ.'